ಫುಲ್ ಫೋಟೋ

ನನ್ನ ಸ್ಟುಡಿಯೋದಿಂದ ಚಂದ ಕಾಣದೆ ಹೊರಗೆ ಹೋದ ಹೆಣ್ಣುಮಗಳು ಒಬ್ಬಳೂ ಇಲ್ಲ. ಜಂಬ ಎನ್ನುವವರು ಎನ್ನಲಿ. ಸಿದ್ದಾಪುರದ ಬಸ್‌ಸ್ಟ್ಯಾಂಡಿನ ಹತ್ತಿರದ ಗಲ್ಲಿಯಲ್ಲಿ ಮೂವತ್ತು ವರ್ಷ ಕ್ಯಾಮೆರಾ ಹಿಡಿದವನು ನಾನು, ನಾಗಪತಿ ಹೆಗಡೆ. ಫೋಟೋ ತೆಗೆಯುವುದು ಅರ್ಧ ನಿಮಿಷದ ಕೆಲಸ. ಅದನ್ನು ಯಾವ ಕತ್ತೆಯೂ ಮಾಡೀತು. ನನ್ನ ಕಸುಬು ಇದ್ದದ್ದು ಆಮೇಲೆ. ನೆಗೆಟಿವನ್ನು ಓರೆ ಮೇಜಿನ ಗಾಜಿನ ಮೇಲಿಟ್ಟು, ಕೆಳಗಿನಿಂದ ಕನ್ನಡಿಯ ಬೆಳಕು ಹಾಯಿಸಿ, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್ಲಿನಿಂದ ಮೊಡವೆಯ ಕಲೆ, ಸಿಡುಬಿನ ಗುಳಿ, ಕಣ್ಣಿನ ಕೆಳಗಿನ ಕಪ್ಪು ಎಲ್ಲವನ್ನೂ ಒಂದೊಂದಾಗಿ ಅಳಿಸುತ್ತಿದ್ದೆ.

ಬಣ್ಣದ ಫೋಟೋ ಬಂದ ಮೇಲೂ ಹೆಣ್ಣುಮಕ್ಕಳಿಗೆ ನಾನು ಕಪ್ಪು-ಬಿಳುಪನ್ನೇ ಹೇಳುತ್ತಿದ್ದೆ. ಬಣ್ಣದ ರೀಲು ತೊಳೆಯಲು ಹುಬ್ಬಳ್ಳಿಗೆ ಹೋಗಬೇಕು. ಅಲ್ಲಿ ಅದನ್ನು ಯಾವನೋ ಮಶಿನ್ನಿಗೆ ತುರುಕುತ್ತಾನೆ. ಅದರ ಮೇಲೆ ನನ್ನ ಪೆನ್ಸಿಲ್ ನಡೆಯುವುದಿಲ್ಲ. ಕಪ್ಪು-ಬಿಳುಪಾದರೆ ದೇವರು ಮರೆತದ್ದನ್ನು ನಾನು ಸರಿಮಾಡಬಹುದಿತ್ತು. ನಾನು ಸರಿಮಾಡಿದ ಎಷ್ಟೋ ಹುಡುಗಿಯರು ಈಗ ಶಿರಸಿ, ಯಲ್ಲಾಪುರದ ಕಡೆ ಮೊಮ್ಮಕ್ಕಳನ್ನು ಆಡಿಸಿಕೊಂಡಿದ್ದಾರೆ.

ಈ ಕಸುಬಿಗೆ ಒಂದು ಕಟ್ಟಳೆ ಇತ್ತು. ಸಂಬಂಧ ಗಟ್ಟಿಯಾಗುವವರೆಗೆ ಅದರ ಮಾತು ಎತ್ತಬಾರದು ಎಂಬುದು ನಮ್ಮ ಕಡೆಯ ಜನರ ಹೆದರಿಕೆ. ಫೋಟೋ ಯಾವ ಊರಿಗೆ ಹೋಗುತ್ತದೆ, ಕೇಳಿದವರು ಯಾರು ಎಂದು ಬಾಯಿಬಿಟ್ಟರೆ ಕಣ್ಣು ತಾಗಿ ಮಾತು ಮುರಿಯುತ್ತದಂತೆ. ಹಾಗಾಗಿ ಅವರು ಹೇಳುತ್ತಿರಲಿಲ್ಲ, ನಾನು ಕೇಳುತ್ತಿರಲಿಲ್ಲ. ಅರ್ಜಿಗೆ, ಪರೀಕ್ಷೆಗೆ, ಬ್ಯಾಂಕಿಗೆಲ್ಲ ಪಾಸ್‌ಪೋರ್ಟ್ ಸೈಜು ಸಾಕು. ಮದುವೆಯ ವಯಸ್ಸಿನ ಹುಡುಗಿಯನ್ನು ಕರೆದುಕೊಂಡು ಬಂದ ಅಪ್ಪ ಫುಲ್ ಫೋಟೋ ಬೇಕು ಎಂದರೆ ಅದು ಗಂಡಿನ ಕಡೆಯವರಿಗೆ. ಇಪ್ಪತ್ತು ವರ್ಷದಲ್ಲಿ ಈ ಲೆಕ್ಕ ಒಂದು ಸಲವೂ ತಪ್ಪಿರಲಿಲ್ಲ.

ತೊಂಬತ್ತಾರನೇ ಇಸವಿಯ ಜೂನ್ ಕೊನೆಯಲ್ಲಿ ತ್ಯಾಗಲಿಯ ಕಡೆಯ ಚೌಡ ಮಗಳನ್ನು ಕರೆದುಕೊಂಡು ಬಂದ. ನಮ್ಮ ಮನೆಯ ಗದ್ದೆಯ ಕೆಲಸಕ್ಕೆ ಹಿಂದೆ ಬರುತ್ತಿದ್ದವನು, ಆಮೇಲೆ ಸ್ವಂತ ಜಮೀನು ಮಾಡಿಕೊಂಡಿದ್ದ. ಮಗಳ ಹೆಸರು ರೋಹಿಣಿ. ಇಪ್ಪತ್ತನಾಲ್ಕು ವರ್ಷ. ಎರಡು ವರ್ಷದವಳಿದ್ದಾಗ ಜ್ವರ ಬಂದು ಎಡಗಾಲು ಸೋತಿತ್ತು. ಎಡಗೈಯನ್ನು ಮೊಣಕಾಲಿನ ಮೇಲೆ ಊರಿ, ಪ್ರತಿ ಹೆಜ್ಜೆಗೂ ಅರ್ಧ ಬಗ್ಗಿ ಎದ್ದು ನಡೆಯುತ್ತಿದ್ದಳು. ಮೈಮೇಲೆ ಹೊಸ ಸೀರೆ ಇತ್ತು.

"ಮಗಳದ್ದೊಂದು ಫುಲ್ ಫೋಟೋ ಬೇಕಾಗಿತ್ತು ಒಡೆಯಾ. ಮೂರು ಕಾಪಿ. ಬುಧವಾರದ ಒಳಗೇ ಆಗ್ಬೇಕು" ಎಂದ ಚೌಡ.

ಮೂರು ಕಾಪಿ ಎಂದಾಗ ಮೂರು ಕಡೆ ಮಾತು ನಡೆದಿದೆ ಎಂದುಕೊಂಡೆ. ಬುಧವಾರ ಯಾರೋ ನೋಡಲು ಬರುತ್ತಾರೆ ಎಂದುಕೊಂಡೆ. ಒಳಗೊಳಗೇ ಖುಷಿಯೂ ಆಯಿತು. ಇಂಥ ಹುಡುಗಿಗೂ ಒಂದು ದಾರಿ ಆಗುತ್ತಿದೆಯಲ್ಲ, ಅದಕ್ಕೆ ನನ್ನ ಕೈಗುಣವೂ ಸೇರಲಿ ಎಂದು. ಬಾಯಿಬಿಟ್ಟು ಒಂದು ಮಾತು ಕೇಳಲಿಲ್ಲ.

ಕುಳ್ಳ ಮದುಮಕ್ಕಳನ್ನು ನಿಲ್ಲಿಸಲೆಂದು ನನ್ನಲ್ಲಿ ಬೇರೆ ಬೇರೆ ದಪ್ಪದ ಹಲಗೆಯ ತುಂಡುಗಳಿದ್ದವು. ಅದರಲ್ಲಿ ಎರಡೂವರೆ ಇಂಚಿನದನ್ನು ತೆಗೆದು ಅವಳ ಎಡಪಾದದ ಕೆಳಗಿಟ್ಟೆ. ಹೆಗಲು ಎರಡೂ ಒಂದೇ ಸಮಕ್ಕೆ ಬಂದವು. ಸೀರೆಯ ನೆರಿಗೆಯನ್ನು ಹಲಗೆ ಮುಚ್ಚುವ ಹಾಗೆ ಬಿಡಲು ಹೇಳಿದೆ. ಮೊಣಕಾಲಿನ ಮೇಲಿದ್ದ ಕೈಯನ್ನು ಅಲ್ಲಿಂದ ತೆಗೆ ಎಂದೆ.

"ಮತ್ತೆ ಎಲ್ಲಿಡ್ಲಿ ಹೆಗಡೇರೆ?" ಎಂದಳು.

ಯಾವಾಗಲೂ ಅಲ್ಲೇ ಇರುತ್ತಿದ್ದ ಕೈ ಅದು. ಬಿಡುವು ಸಿಕ್ಕಾಗ ಏನು ಮಾಡಬೇಕೆಂದು ಅದಕ್ಕೂ ತಿಳಿಯಲಿಲ್ಲ, ಅವಳಿಗೂ ತಿಳಿಯಲಿಲ್ಲ. ಪಕ್ಕದ ಸ್ಟ್ಯಾಂಡಿನ ಮೇಲೆ, ಪ್ಲಾಸ್ಟಿಕ್ ಹೂವಿನ ಕುಂಡದ ಹತ್ತಿರ ಇಡಿಸಿದೆ.

"ಒಂಚೂರು ನಗು ತಂಗಿ" ಎಂದೆ. ಎಲ್ಲರಿಗೂ ಹೇಳುವ ಮಾತೇ ಅದು. ಅವಳು ನಗಲಿಲ್ಲ. ಗಂಭೀರವಾಗಿ ಕ್ಯಾಮೆರಾದ ಕಣ್ಣನ್ನೇ ನೋಡಿದಳು. ಪರೀಕ್ಷೆಗೆ ಕೂತವಳ ಮುಖ ಅದು ಎಂದು ಆಗಲೇ ಹೊಳೆಯಬೇಕಿತ್ತು ನನಗೆ.

ಎರಡು ದಿನ ಪೆನ್ಸಿಲ್ ಹಿಡಿದು ಕೂತೆ. ಒಳಕ್ಕೆ ತಿರುಗಿದ್ದ ಪಾದವನ್ನು ನೇರ ಮಾಡಿದೆ. ಎಡಗಡೆ ಸೀರೆ ಒಳಗೆ ಬಿದ್ದಿದ್ದ ಜಾಗವನ್ನು ತುಂಬಿಸಿ ಕಾಲಿದ್ದ ಹಾಗೆ ಮಾಡಿದೆ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಸೋಮವಾರ ಅಪ್ಪ-ಮಗಳು ಬಂದಾಗ ಕವರಿನಿಂದ ತೆಗೆದು ನಾನೇ ಅವಳ ಕೈಗೆ ಕೊಟ್ಟೆ.

ರೋಹಿಣಿ ಬಹಳ ಹೊತ್ತು ನೋಡಿದಳು. "ಇದು ನಾನೇಯಾ?" ಎಂದು ಕೇಳಿದಳು. ಆಮೇಲೆ ನಕ್ಕಳು. ಒಂದರ ಮೇಲೊಂದು ಹತ್ತಿದ ಎರಡು ಹಲ್ಲು ಮೇಲ್ಗಡೆ ಕಂಡವು. ನನ್ನ ಕ್ಯಾಮೆರಾಕ್ಕೆ ಕೊಡದ ನಗು ಅದು. "ಸೀದಾ ನಿಂತಿದ್ದೆ ನೋಡು ಅಪ್ಪಾ" ಎಂದಳು. ಚೌಡ ಕಣ್ಣೊರೆಸಿಕೊಂಡು, "ನಿನ್ನ ಅವ್ವಂಗೆ ತೋರ್ಸನ ನಡಿ" ಎಂದ. ನಾನು ಮನೆಗೆ ಹೋಗಿ ಹೆಂಡತಿ ಪರಿಮಳಾಳ ಹತ್ತಿರ ಕೊಚ್ಚಿಕೊಂಡೆ, ಅವಳು ಇನ್ನೊಂದು ದೋಸೆ ಬಡಿಸಿದಳು.

ಬುಧವಾರ ಆಗಿ, ಗುರುವಾರ ಮಧ್ಯಾಹ್ನ ಇಬ್ಬರೂ ಮತ್ತೆ ಬಂದರು. ಚೌಡನ ಮುಖದಲ್ಲಿ ರಕ್ತವೇ ಇರಲಿಲ್ಲ. ರೋಹಿಣಿ ಬೆಂಚಿನ ಮೇಲೆ ಕೂತು, ಮೂರೂ ಫೋಟೋಗಳನ್ನು ಕೌಂಟರಿನ ಮೇಲಿಟ್ಟಳು.

"ಇದು ಆಗೂದಿಲ್ವಂತೆ ಹೆಗಡೇರೆ. ಕಾಲು ಕಾಣೋದು ಬೇಕಂತೆ" ಎಂದಳು.

ಆಗ ಗೊತ್ತಾಯಿತು ನನಗೆ ಎಲ್ಲ. ಗಂಡೂ ಇಲ್ಲ, ಮದುವೆಯೂ ಇಲ್ಲ. ರೋಹಿಣಿ ಎಸ್ಸೆಸ್ಸೆಲ್ಸಿ ಮುಗಿಸಿ ಕನ್ನಡ ಟೈಪಿಂಗಿನಲ್ಲಿ ಜೂನಿಯರ್, ಸೀನಿಯರ್ ಎರಡನ್ನೂ ಪಾಸು ಮಾಡಿದ್ದಳು. ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಿ ಐದು ವರ್ಷ ಕಾದ ಮೇಲೆ ಒಂದು ಕಾರ್ಡು ಬಂದಿತ್ತು. ಶಿರಸಿಯ ಒಂದು ಸರ್ಕಾರಿ ಆಫೀಸಿನಲ್ಲಿ ಬೆರಳಚ್ಚುಗಾರರ ಹುದ್ದೆ, ಅಂಗವಿಕಲರಿಗೆಂದೇ ಇಟ್ಟದ್ದು, ಒಂದೇ ಒಂದು. ಜುಲೈ ಇಪ್ಪತ್ತೆರಡಕ್ಕೆ ಸಂದರ್ಶನ. ಅದಕ್ಕೆ ವೈದ್ಯರ ಮಂಡಳಿಯ ಸರ್ಟಿಫಿಕೇಟು ಬೇಕು. ಮಂಡಳಿ ಕೂರುವುದು ಘಟ್ಟದ ಕೆಳಗೆ, ತಿಂಗಳ ಮೊದಲ ಬುಧವಾರ ಮಾತ್ರ. ಫಾರ್ಮು ಕೊಟ್ಟ ಗುಮಾಸ್ತ ಚೌಡನಿಗೆ ಹೇಳಿದ್ದು ಎರಡೇ ಶಬ್ದ, ಫುಲ್ ಫೋಟೋ. ಯಾಕೆ ಎಂದು ಅವನು ಹೇಳಲಿಲ್ಲ. ನೌಕರಿ ಕೇಳಲು ಹೋಗುವವರು ಚಂದ ಕಾಣಬೇಕು ಎಂದು ಇವರು ಹೊಸ ಸೀರೆ ತಂದರು.

ಮಂಡಳಿಯಲ್ಲಿ ಮೂವರು ಡಾಕ್ಟರು ಮೇಜಿನ ಹಿಂದೆ ಕೂತಿದ್ದರಂತೆ. ಆ ವರ್ಷ ಸುಳ್ಳು ಸರ್ಟಿಫಿಕೇಟಿನ ಗಲಾಟೆ ಎಲ್ಲೋ ಆಗಿ ಎಲ್ಲರೂ ಹೆದರಿದ್ದರು. ಅಲ್ಲಿಯ ಗುಮಾಸ್ತ ಫೋಟೋ ನೋಡಿ, "ಇದು ಯಾರದ್ದು?" ಎಂದನಂತೆ. ನನ್ನದೇ ಎಂದರೆ, "ಈ ಫೋಟೋದಲ್ಲಿ ಇರೋರಿಗೆ ಏನೂ ಆಗಿಲ್ಲವಲ್ಲ. ಯಾರದ್ದೋ ಫೋಟೋ ತಂದು ನಮ್ಮನ್ನು ಸಿಕ್ಕಿಸಬೇಡಿ. ಸರಿಯಾದ್ದು ತಗೊಂಡು ಮುಂದಿನ ತಿಂಗಳು ಬನ್ನಿ" ಎಂದನಂತೆ. ಮೊಣಕಾಲಿಗೆ ಕೈಯೂರಿ ಎದುರಿಗೆ ನಿಂತವಳನ್ನು ಅವರಲ್ಲಿ ಒಬ್ಬರೂ ಕಣ್ಣೆತ್ತಿ ನೋಡಲಿಲ್ಲ.

ಕೇಳಿ ನನಗೆ ಮೊದಲು ಬಂದದ್ದು ಸಿಟ್ಟು. ಅದೂ ಚೌಡನ ಮೇಲೆ. "ಸರ್ಟಿಫಿಕೇಟಿಗೆ ಅಂತ ಮೊದ್ಲೇ ಹೇಳೂಕೆ ಬಾಯಿರ್ಲಿಲ್ವನಾ ನಿಂಗೆ?" ಎಂದು ರೇಗಿದೆ.

"ನೀವು ಕೇಳ್ಳಿಲ್ಲ ಅಲ್ರಾ ಒಡೆಯಾ" ಎಂದ ಚೌಡ. ಜೋರು ಮಾಡಿ ಹೇಳಲಿಲ್ಲ ಅವನು. ಜೋರು ಮಾಡಿದ್ದರೆ ಒಳ್ಳೆಯದಿತ್ತು.

ಮನೆಯಲ್ಲಿ ಪರಿಮಳಾ ಎಲ್ಲ ಕೇಳಿ, "ನಿಂಗಕ್ಕೆ ಒಂದು ಮಾತು ಕೇಳಲೆ ಆಯ್ದಿಲ್ಯಾ? ಆ ಕೂಸಿನ ಬದುಕೇ ಹೋತಲಿ" ಎಂದಳು. ಹೌದಾಗಿತ್ತು. ಆ ರಾತ್ರಿ ಊಟ ಸೇರಲಿಲ್ಲ.

ಶುಕ್ರವಾರ ಅವಳನ್ನು ಕರೆಸಿ ಎರಡನೇ ಫೋಟೋ ತೆಗೆದೆ. ಹಲಗೆ ಇಲ್ಲ, ಹೂವಿನ ಕುಂಡ ಇಲ್ಲ. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಹಿಡಿಯಬೇಕಿತ್ತು. ಅವಳು ಗೋಡೆಯ ಕಡೆ ಮುಖ ತಿರುಗಿಸಿ ನಿಂತಳು. ಮುಖವೂ ಬರಬೇಕು ತಂಗಿ ಎಂದೆ. ತಿರುಗಿದಳು. ಹಳೆಯ ಪೆಟ್ಟಿಗೆ ಕ್ಯಾಮೆರಾದ ಹಿಂಬದಿಯ ಗಾಜಿನಲ್ಲಿ ತಲೆಕೆಳಗಾಗಿ ಕಾಣುತ್ತಿದ್ದ ಅವಳ ಮುಖ ನೋಡಲಾರದೆ ನಾನೇ ಕಣ್ಣು ಮುಚ್ಚಿಕೊಂಡು ಶಟರಿನ ರಬ್ಬರ್ ಬಲ್ಬು ಒತ್ತಿದೆ.

ಆ ದಿನ ಬಸ್ಸಿಗೆ ಕಾಯುತ್ತ ಅವಳು ಸ್ಟುಡಿಯೋದಲ್ಲೇ ಕೂತಿದ್ದಳು. ನೌಕರಿ ಸಿಕ್ಕರೆ ಇರಲೆಂದು ಶಿರಸಿಯಲ್ಲಿ ಕೋಣೆಯನ್ನೂ ನೋಡಿಟ್ಟಿದ್ದಳಂತೆ. ಶಾರದವ್ವ ಎಂಬ ವಿಧವೆಯ ಮನೆಯ ಹಿಂಬದಿಯ ಕೋಣೆ. ಅದರ ವಿಷಯ ಹೇಳುವಾಗ ಮಾತ್ರ ಅವಳಿಗೆ ಮಾತು ಬಂತು.

"ಒಂದೂ ಮೆಟ್ಲಿಲ್ಲ ಹೆಗಡೇರೆ. ಹೊಸ್ತಿಲೂ ಸಣ್ಣದು. ಬಚ್ಚಲು ಒಳಗೇ ಅದೆ. ಆಪೀಸು ಅಲ್ಲಿಂದ ಮೂರು ಮನೆ ಆಚೆ."

ಅವರ ಮನೆ ಇರುವುದು ದಿಬ್ಬದ ಮೇಲೆ. ಇಪ್ಪತ್ತು ಕಲ್ಲುಮೆಟ್ಟಿಲು, ಆಮೇಲೆ ಹಳ್ಳಕ್ಕೆ ಹಾಕಿದ ಮರದ ಸಂಕ. ಮಳೆಗಾಲದಲ್ಲಿ ಅಪ್ಪನೋ ಅಣ್ಣ ಹೊನ್ನನೋ ಹೊತ್ತುಕೊಂಡು ದಾಟಿಸಬೇಕು. ಬಚ್ಚಲು ಮನೆಯ ಹೊರಗೆ, ಅಲ್ಲಿಗೂ ಯಾರಾದರೂ ಕೈಕೊಡಬೇಕು. "ಯಾರನ್ನೂ ಕರೀದೆ ಒಂದು ದಿನ ಕಳೀಬೇಕು ನಾನು. ಬೆಳಗಿಂದ ಸಂಜೆ ತನಕ ಒಬ್ರನ್ನೂ ಕರೀಬಾರ್ದು" ಎಂದಳು ರೋಹಿಣಿ. ಇಪ್ಪತ್ತನಾಲ್ಕು ವರ್ಷದವಳ ಆಸೆ ಇಷ್ಟೇ. ಸಂಬಳದ ಮಾತನ್ನು ಅವಳು ಎತ್ತಲೇ ಇಲ್ಲ.

ಸರ್ಟಿಫಿಕೇಟು ಇಲ್ಲದೆಯೇ ಸಂದರ್ಶನಕ್ಕೆ ಹೋದಳು. ನಾಲ್ಕು ಜನ ಬಂದಿದ್ದರು, ಟೈಪಿಂಗಿನಲ್ಲಿ ಇವಳೇ ಮೊದಲು ಬಂದಳು. ಅಲ್ಲಿದ್ದ ಅಧಿಕಾರಿ ಒಳ್ಳೆಯವರು. "ಆಗಸ್ಟ್ ಹದಿನಾಲ್ಕರ ಒಳಗೆ ಸರ್ಟಿಫಿಕೇಟು ತಂದುಕೊಡಿ. ಅಲ್ಲಿವರೆಗೆ ತಡೆದಿಡುತ್ತೇನೆ. ಆಮೇಲೆ ನನ್ನ ಕೈಯಲ್ಲಿಲ್ಲ" ಎಂದರಂತೆ. ಮಂಡಳಿ ಕೂರುವುದು ಆಗಸ್ಟ್ ಏಳಕ್ಕೆ. ಅಂದರೆ ಒಂದು ವಾರದ ಅವಕಾಶ ಇತ್ತು. ನಾನು ಸ್ಟುಡಿಯೋಕ್ಕೆ ಬೀಗ ಹಾಕಿ ಅವರ ಜೊತೆ ಹೊರಟೆ. ನನ್ನಿಂದ ಆದ ತಪ್ಪನ್ನು ನಾನೇ ಎದುರು ನಿಂತು ಸರಿಮಾಡಿಸಬೇಕು ಎಂಬ ಹಟ. ಹೋಗದಿದ್ದರೆ ಆಗುತ್ತಿತ್ತು ಎಂದು ಈ ಹನ್ನೊಂದು ವರ್ಷದಲ್ಲಿ ಎಷ್ಟು ಸಲ ಅಂದುಕೊಂಡಿದ್ದೇನೋ.

ಬೆಳಗಿನ ಮೊದಲ ಬಸ್ಸಿಗೆ ಘಟ್ಟ ಇಳಿದೆವು. ಅಲ್ಲಿ ಮಳೆಯೂ ಸೆಕೆಯೂ ಕೂಡಿ ಜೀವ ಹೋಗುತ್ತಿತ್ತು. ಆಸ್ಪತ್ರೆಯ ಪಡಸಾಲೆಯಲ್ಲಿ ಕುಂಟುವವರು, ಕಣ್ಣಿಲ್ಲದವರು, ಕಿವಿ ಕೇಳದವರು ನೆಲದ ಮೇಲೆ ಸಾಲಾಗಿ ಕೂತಿದ್ದರು. ಮಂಡಳಿ ಮೇಲಿನ ಮಹಡಿಯಲ್ಲಿ. ನಡೆಯಲಾರದವರನ್ನು ಪರೀಕ್ಷೆ ಮಾಡಲು ಮಹಡಿಯನ್ನೇ ಆರಿಸಿದ ಮಹಾಶಯ ಯಾರೋ ನನಗೆ ಗೊತ್ತಿಲ್ಲ. ರೋಹಿಣಿ ಒಂದೊಂದೇ ಮೆಟ್ಟಿಲು ಹತ್ತಿದಳು. ಚೌಡ ಹೊತ್ತುಕೊಳ್ಳಲು ಬಗ್ಗಿದಾಗ ಬೇಡ ಎಂದಳು.

ಮಧ್ಯಾಹ್ನ ಎರಡಕ್ಕೆ ಅವಳ ಸರದಿ ಬಂತು. ಗುಮಾಸ್ತ ಹೊಸ ಫೋಟೋ ನೋಡಿದ, ಅವಳ ಕಾಲು ನೋಡಿದ, ತಲೆಯಾಡಿಸಿದ. ಆಮೇಲೆ ಮುಖ ನೋಡಿ, "ಕಳೆದ ತಿಂಗಳು ಬೇರೆ ಯಾರದ್ದೋ ಫೋಟೋ ತಂದಿದ್ದವರಲ್ಲವಾ ನೀವು?" ಎಂದ.

"ಅದೂ ನಂದೇ ಸಾರ್" ಎಂದಳು ರೋಹಿಣಿ.

"ಸುಳ್ಳು ಯಾಕೆ ಹೇಳ್ತೀರಿ? ಇರಲಿ ಬಿಡಿ, ಈಗ ಸರಿಯಾದ್ದು ತಂದಿದ್ದೀರಲ್ಲ" ಎಂದು ಕಾಗದದ ಮೇಲೆ ಫೋಟೋ ಅಂಟಿಸಲು ಗೋಂದಿನ ಬಾಟಲಿಗೆ ಕೈಹಾಕಿದ.

ಅಲ್ಲಿಗೆ ಮುಗಿದಿತ್ತು. ಫೋಟೋ ಅಂಟಿಸಿ, ಕಾಲಿಗೆ ಟೇಪು ಹಿಡಿದು, ಸೀಲು ಹೊಡೆದು ಕಳಿಸಿಬಿಡುತ್ತಿದ್ದರು. ನನ್ನಿಂದ ಸುಮ್ಮನಿರಲು ಆಗಲಿಲ್ಲ. ನನ್ನೆದುರಿಗೇ ಅವಳನ್ನು ಸುಳ್ಳಿ ಎಂದರಲ್ಲ ಎಂಬ ಸಂಕಟ. ಅಷ್ಟೇ ಆಗಿದ್ದರೆ ನನ್ನನ್ನು ನಾನು ಕ್ಷಮಿಸುತ್ತಿದ್ದೆನೋ ಏನೋ. ಅದರ ಜೊತೆಗೆ ಇನ್ನೊಂದೂ ಇತ್ತು. ನನ್ನ ಜೀವಮಾನದ ಒಳ್ಳೆಯ ಕೆಲಸವನ್ನು ಬೇರೆ ಯಾರದ್ದೋ ಫೋಟೋ ಎನ್ನುತ್ತಿದ್ದಾನಲ್ಲ ಇವನು ಎಂದು ಒಳಗೆ ಚುರ್ ಎಂದಿತು.

"ಅದು ಇವಳದ್ದೇ ಸ್ವಾಮಿ. ನಾನೇ ತೆಗೆದದ್ದು, ನಾನೇ ತಿದ್ದಿದ್ದು" ಎಂದೆ.

ಮೂವರಲ್ಲಿ ಹಿರಿಯ ಡಾಕ್ಟರು ತಲೆಯೆತ್ತಿದರು. "ತಿದ್ದಿದ್ದು ಅಂದರೆ?"

ನಾನು ವಿವರಿಸಿದೆ. ಹಲಗೆಯ ವಿಷಯ, ನೆರಿಗೆಯ ವಿಷಯ, ಪೆನ್ಸಿಲ್ಲಿನ ವಿಷಯ, ಪಾದವನ್ನು ಹೇಗೆ ನೇರ ಮಾಡಿದೆ ಎಂಬುದನ್ನೂ. ಜೇಬಿನಲ್ಲಿದ್ದ ಹಳೆಯ ಫೋಟೋವನ್ನೂ ತೆಗೆದು ತೋರಿಸಿದೆ. ಅವರು ಎರಡೂ ಫೋಟೋಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಮೆಚ್ಚಿಕೊಳ್ಳುತ್ತಿದ್ದಾರೆ ಎಂದೇ ನಾನು ತಿಳಿದೆ.

"ಇಷ್ಟು ಚೆನ್ನಾಗಿ ನೇರ ಮಾಡಲಿಕ್ಕೆ ಬರುವವರಿಗೆ ಸೊಟ್ಟ ಮಾಡಲಿಕ್ಕೂ ಬರುತ್ತದಲ್ಲ. ಈ ಎರಡನೇದನ್ನು ತಿದ್ದಿಲ್ಲ ಎಂದು ನಾನು ಹೇಗೆ ನಂಬಲಿ?" ಎಂದರು ಅವರು.

"ಸ್ವಾಮಿ, ಹುಡುಗಿಯೇ ಎದುರಿಗೆ ನಿಂತಿದ್ದಾಳಲ್ಲ" ಎಂದೆ.

"ಹುಡುಗಿ ಫೈಲಿನಲ್ಲಿ ಇರುವುದಿಲ್ಲ. ಫೈಲಿನಲ್ಲಿ ಫೋಟೋ ಇರುತ್ತದೆ" ಎಂದರು. ಅವರೇನೂ ಕೆಟ್ಟವರಲ್ಲ, ಹೆದರಿದ್ದರು. ನಾಳೆ ಯಾರಾದರೂ ಕೇಳಿದರೆ ತಮ್ಮ ಮೈಮೇಲೆ ಬರುತ್ತದೆ ಎಂದು ನನ್ನಿಂದ ಹೇಳಿಕೆ ಬರೆಸಿಕೊಂಡರು. ಅಂಗವೈಕಲ್ಯ ಪ್ರಮಾಣಪತ್ರದ ಅರ್ಜಿಗೆ ಲಗತ್ತಿಸಿದ ಭಾವಚಿತ್ರವನ್ನು ತಿದ್ದಿರುವುದಾಗಿ ಈ ಮೂಲಕ ಒಪ್ಪಿಕೊಂಡಿರುತ್ತೇನೆ ಎಂದು ಗುಮಾಸ್ತ ಹೇಳುತ್ತ ಹೋದ, ನಾನು ನನ್ನ ಮುದ್ದಾದ ಅಕ್ಷರದಲ್ಲಿ ಬರೆದು ಸಹಿ ಹಾಕಿದೆ. ಎರಡೂ ಫೋಟೋಗಳನ್ನು ಅದಕ್ಕೆ ಪಿನ್ನು ಮಾಡಿ ಮೇಲಿನವರ ಅಭಿಪ್ರಾಯಕ್ಕೆ ಕಳಿಸುತ್ತೇವೆ, ಉತ್ತರ ಬಂದ ಮೇಲೆ ತಿಳಿಸುತ್ತೇವೆ ಎಂದರು. ಹದಿನಾಲ್ಕನೇ ತಾರೀಕಿನ ಮಾತನ್ನು ಚೌಡ ಕೈಮುಗಿದು ಹೇಳಿದ. ಅವರು ಮುಂದಿನವರನ್ನು ಕರೆದರು.

ಇಳಿಯುವಾಗ ರೋಹಿಣಿ ಅಪ್ಪನನ್ನು ಕರೆದಳು. ಚೌಡ ಬಗ್ಗಿದ. ಅವಳು ಅವನ ಬೆನ್ನಿಗೆ ಆತುಕೊಂಡು, ಕಣ್ಣು ಮುಚ್ಚಿಕೊಂಡು ಮೆಟ್ಟಿಲು ಇಳಿದಳು. ನಾನು ಅವಳ ಚಪ್ಪಲಿ ಹಿಡಿದುಕೊಂಡು ಹಿಂದಿನಿಂದ ಬಂದೆ. ಸಿದ್ದಾಪುರದಲ್ಲಿ ಇಳಿದಾಗ ಅವಳೇ, "ನೀವು ಒಳ್ಳೇದಕ್ಕೇ ಹೇಳಿದ್ರಿ ಹೆಗಡೇರೆ" ಎಂದಳು. ಅದಕ್ಕಿಂತ ಅವಳು ಚಪ್ಪಲಿಯಲ್ಲೇ ಹೊಡೆದಿದ್ದರೆ ನಾನು ಸುಖವಾಗಿ ಮನೆಗೆ ಹೋಗುತ್ತಿದ್ದೆ.

ಹದಿನಾಲ್ಕು ಕಳೆಯಿತು. ಆ ಅಧಿಕಾರಿ ಇನ್ನೂ ಎರಡು ದಿನ ಕಾದರಂತೆ. ಆಮೇಲೆ ಹುದ್ದೆ ಪಟ್ಟಿಯಲ್ಲಿ ಎರಡನೆಯವನಿಗೆ ಹೋಯಿತು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ. ಎರಡೂ ಕಾಲಿಲ್ಲದ ಉಮ್ಮಚಗಿಯ ಕಡೆಯ ಹುಡುಗ ಅವನು. ಶಾರದವ್ವನ ಕೋಣೆಯನ್ನೂ ಅವನೇ ಹಿಡಿದ ಎಂದು ಕೇಳಿದೆ.

ಸರ್ಟಿಫಿಕೇಟು ಟಪಾಲಿನಲ್ಲಿ ಬಂದದ್ದು ತೊಂಬತ್ತೊಂಬತ್ತರಲ್ಲಿ. ನಡುವೆ ಎರಡು ಸಲ ಕರೆಸಿ ಅಳೆದಿದ್ದರು. ಅಂಗವೈಕಲ್ಯದ ಪ್ರಮಾಣ ಶೇಕಡಾ ಮೂವತ್ತೆಂಟು ಎಂದು ಬರೆದಿತ್ತು. ಮೀಸಲಾತಿಗೆ ನಲವತ್ತು ಬೇಕು. ಟೇಪು ಹಿಡಿದು ಅಳೆದವರು ಅವರು, ನನಗೆ ವೈದ್ಯ ಗೊತ್ತಿಲ್ಲ. ಆದರೆ ಫೈಲಿನ ಮೇಲ್ಗಡೆ ಪಿನ್ನು ಮಾಡಿದ ಆ ಮೊದಲ ಫೋಟೋ ನೋಡಿಕೊಂಡು, ನೇರ ನಿಂತ ಆ ಹುಡುಗಿಯನ್ನು ನೋಡಿಕೊಂಡು, ಯಾವ ಡಾಕ್ಟರಿಗೆ ತಾನೇ ನಲವತ್ತು ಬರೆಯಲು ಧೈರ್ಯ ಬಂದೀತು? ಆ ಎರಡು ನಾನು ಕದ್ದದ್ದು ಎಂದೇ ನನ್ನ ನಂಬಿಕೆ. ಪರಿಮಳಾ ಬೇಡದ್ದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡಿ ಎನ್ನುತ್ತಾಳೆ.

ಆಮೇಲೂ ಉದ್ಯೋಗ ವಿನಿಮಯದ ಕಾರ್ಡನ್ನು ಅವಳು ತಪ್ಪದೆ ನವೀಕರಿಸುತ್ತಿದ್ದಳು. ಮೂರು ವರ್ಷಕ್ಕೊಮ್ಮೆ ಬಂದು ಪಾಸ್‌ಪೋರ್ಟ್ ಸೈಜು ತೆಗೆಸಿಕೊಳ್ಳುತ್ತಿದ್ದಳು. ನಾನು ದುಡ್ಡು ಮುಟ್ಟುತ್ತಿರಲಿಲ್ಲ. ಒಮ್ಮೆ ಚೌಡ ಬಂದಿದ್ದ. ಇನ್ನೊಮ್ಮೆ ಬಂದಾಗ ಚೌಡ ಇರಲಿಲ್ಲ, ತೀರಿಹೋಗಿದ್ದ. ಅವ್ವ ದುರ್ಗಿ ಅದಕ್ಕೂ ಮೊದಲೇ ಹೋಗಿದ್ದಳು. ಟೈಪಿಂಗ್ ಕ್ಲಾಸಿನವರು ಮಶಿನ್ನುಗಳನ್ನು ಗುಜರಿಗೆ ಹಾಕಿ ಕಂಪ್ಯೂಟರು ತಂದರು, ಅದೂ ಮಹಡಿಯ ಮೇಲೆ. ರೋಹಿಣಿ ಅಣ್ಣನ ಮಕ್ಕಳನ್ನು ನೋಡಿಕೊಂಡು, ಮಾಲೆ ಕಟ್ಟಿಕೊಂಡು ದಿಬ್ಬದ ಮೇಲೇ ಉಳಿದಳು. ಟೈಪಿಂಗ್ ಬಿಟ್ಟ ಬೆರಳುಗಳು ಮೇಜು ಸಿಕ್ಕಿದಲ್ಲಿ ತಾವೇ ಕುಟ್ಟಿಕೊಳ್ಳುತ್ತಿದ್ದುದನ್ನು ನಾನು ಎರಡು ಸಲ ನೋಡಿದ್ದೇನೆ. ಆಮೇಲೆ ಅದೂ ನಿಂತಿತು.

ನನ್ನ ಕಥೆಯೂ ಇಷ್ಟೇ. ಕಪ್ಪು-ಬಿಳುಪಿನ ರೀಲು ಬರುವುದು ನಿಂತಿತು. ಓರೆ ಮೇಜು ಅಟ್ಟಕ್ಕೆ ಹೋಯಿತು. ಡಿಜಿಟಲ್ ಕ್ಯಾಮೆರಾ, ಜೊತೆಗೊಂದು ಜೆರಾಕ್ಸ್ ಮಶಿನ್ನು ಇಟ್ಟುಕೊಂಡು ಕೂತೆ. ಯಾರು ಬಂದರೂ ಮೊದಲು ಕೇಳುತ್ತೇನೆ, ಯಾತಕ್ಕೆ ಎಂದು. ಕೆಲವರಿಗೆ ಸಿಟ್ಟು ಬರುತ್ತದೆ, ನಿಮಗ್ಯಾಕೆ ಎನ್ನುತ್ತಾರೆ. ಬೈಸಿಕೊಂಡಾದರೂ ಕೇಳುತ್ತೇನೆ.

ಕಳೆದ ತಿಂಗಳು, ಅಂದರೆ ಈ ಎರಡು ಸಾವಿರದ ಏಳನೇ ಇಸವಿಯ ಫೆಬ್ರವರಿಯಲ್ಲಿ, ಹೊನ್ನ ತಂಗಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ. ಎತ್ತಿ ಬೆಂಚಿನ ಮೇಲೆ ಕೂರಿಸಿ, ಸಂತೆ ಮುಗಿಸಿ ಬರುತ್ತೇನೆ ಎಂದು ಹೋದ. ರೋಹಿಣಿಗೆ ಈಗ ಮೂವತ್ತೈದು. ಕೂದಲು ಮುಂದೆ ಬೆಳ್ಳಗಾಗಿದೆ.

"ಯಾತಕ್ಕೆ ತಂಗಿ?" ಎಂದು ಕೇಳಿದೆ.

"ಮಾಸಾಶನಕ್ಕೆ ಹೆಗಡೇರೆ. ಈ ಸಲ ಡಾಕ್ಟರು ಇಲ್ಲಿಗೇ ಬರ್ತ್ರಂತೆ, ಕ್ಯಾಂಪು. ಮತ್ತೊಂದ್ಸಲ ಅಳೀತ್ರಂತೆ. ನಲವತ್ತು ಬಂದ್ರೆ ತಿಂಗ್ಳಿಗೆ ಇಷ್ಟು ಅಂತ ಕೊಡ್ತ್ರು" ಎಂದಳು.

"ಕೆಲಸದ ಕಾರ್ಡು?" ಎಂದೆ.

"ಅದನ್ನ ಬಿಟ್ಟೆ" ಎಂದಳು. ಅಷ್ಟೇ.

ನಾನು ಕ್ಯಾಮೆರಾ ತರುವಷ್ಟರಲ್ಲಿ ಅವಳು ಪರದೆಯ ಎದುರಿಗೆ ಹೋಗಿ ನಿಂತಿದ್ದಳು. ಯಾರೂ ಹೇಳದೆಯೇ ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದಳು. ಗೋಡೆಯ ಕಡೆ ತಿರುಗಲಿಲ್ಲ. ದೀಪ ನೋಡಿ, "ಬೆಳಕು ಈ ಬದಿಯಿಂದ ಬರ್ಲಿ. ಎದುರಿಂದ ಬಂದ್ರೆ ಕಾಲು ದಪ್ಪ ಕಾಣ್ತದೆ" ಎಂದಳು. ಹೇಳಿದ್ದು ಸರಿಯಾಗಿತ್ತು. ಇಷ್ಟು ವರ್ಷದಲ್ಲಿ ಎಷ್ಟು ಕ್ಯಾಂಪು, ಎಷ್ಟು ಫೋಟೋ, ಎಷ್ಟು ಮೇಜಿನ ಎದುರು ನಿಂತು ಕಲಿತಳೋ. ನಾನು ದೀಪ ಸರಿಸಿದೆ.

ಆಮೇಲೆ ಅವಳು ದನಿ ತಗ್ಗಿಸಿ ಕೇಳಿದಳು. "ಹೆಗಡೇರೆ, ನೀವು ಆಗ ಪೆನ್ಸಿಲ್ಲಲ್ಲಿ ಕಾಲು ತುಂಬ್ಸಿದ್ರಲ್ಲ. ಹಾಂಗೇ ಸಪೂರ ಮಾಡೂಕೂ ಬರ್ತದ್ಯಾ? ಒಂಚೂರು ಸಾಕು. ಎರಡೇ ಬೇಕಾದ್ದು."

ಘಟ್ಟದ ಕೆಳಗಿನ ಆ ಡಾಕ್ಟರು ನನ್ನನ್ನು ಕೇಳಿದ ಪ್ರಶ್ನೆ ಕಿವಿಯಲ್ಲಿ ಕೇಳಿಸಿತು. ಹೌದೆಂದು ಹೇಳಲು ನಾನು ತಯಾರಾಗಿಯೇ ಇದ್ದೆ. ಕಂಪ್ಯೂಟರಿನಲ್ಲಿ ಈಗ ಅದು ಎರಡು ನಿಮಿಷದ ಕೆಲಸ. ಜೈಲಿಗೆ ಹಾಕಿದರೂ ಹಾಕಲಿ, ಅವಳಿಂದ ಕದ್ದದ್ದನ್ನು ವಾಪಸು ಕೊಟ್ಟ ಹಾಗಾಗುತ್ತದೆ ಎಂದುಕೊಂಡು ಕ್ಯಾಮೆರಾ ಕಣ್ಣಿಗೆ ಹಿಡಿದೆ. ಆಗ ಆ ಕಾಲನ್ನು ನೋಡಿದೆ. ತೊಂಬತ್ತಾರರಲ್ಲಿ ನಾನು ನೋಡಿದ್ದ ಕಾಲಲ್ಲ ಅದು. ಆಗ ಅವಳು ದಿನಾ ಇಪ್ಪತ್ತು ಮೆಟ್ಟಿಲು ಇಳಿದು, ಸಂಕ ದಾಟಿ, ಬಸ್ಸು ಹತ್ತಿ ಟೈಪಿಂಗಿಗೆ ಹೋಗುತ್ತಿದ್ದಳು. ಹನ್ನೊಂದು ವರ್ಷ ಹೆಚ್ಚಾಗಿ ದಿಬ್ಬದ ಮೇಲೇ ಕೂತು, ಇದ್ದ ಮಾಂಸವೂ ಇಳಿದು, ಮೂಳೆಗೆ ಚರ್ಮ ಸುತ್ತಿದ ಹಾಗಾಗಿತ್ತು. ತೆಗೆಯಲು ಅಲ್ಲಿ ಏನೂ ಉಳಿದಿರಲಿಲ್ಲ.

"ತಿದ್ದೂದು ಬೇಡ ತಂಗಿ" ಎಂದೆ.

"ಹೌದಾ? ಹಾಂಗಾರೆ ಸಾಕಾಗ್ತದಾ? ನಲವತ್ತಕ್ಕೆ ಸಾಕಾಗ್ತದಾ?"

"ಸಾಕಾಗ್ತದೆ. ಜಾಸ್ತಿಯೇ ಬರ್ತದೆ."

ಅವಳು ನಕ್ಕಳು. ಒಂದರ ಮೇಲೊಂದು ಹತ್ತಿದ ಆ ಎರಡು ಹಲ್ಲುಗಳು ಕಂಡವು. ನೇರ ನಿಂತ ಫೋಟೋ ಕೈಗೆ ಕೊಟ್ಟಾಗ ನಕ್ಕಿದ್ದಳಲ್ಲ, ಅದೇ ನಗು. ಒಮ್ಮೆಯಾದರೂ ಕ್ಯಾಮೆರಾದಲ್ಲಿ ಹಿಡಿಯಬೇಕೆಂದು ಹನ್ನೊಂದು ವರ್ಷದಿಂದ ನಾನು ಕಾದಿದ್ದ ನಗು.

"ನಗಬೇಡ ತಂಗಿ. ನಗುವವರಿಗೆ ಕಡಿಮೆ ಬರೀತಾರೆ" ಎಂದೆ.

ಅವಳು ಬಾಯಿ ಮುಚ್ಚಿಕೊಂಡಳು. ನಾನು ಬಟನ್ ಒತ್ತಿದೆ.